ಶನಿವಾರದ ತೂಕ

ಜೂನ್ 18

ನನ್ನ ಗುಂಡಮ್ಮನಿಗೆ,

ಮೊದಲು ಕ್ಷೇಮ ಕೇಳಬೇಕು, ಆಮೇಲೆ ಸುದ್ದಿ ಹೇಳಬೇಕು ಎಂದು ನಿನ್ನ ಅಮ್ಮ ಬೆನ್ನ ಹಿಂದೆ ನಿಂತು ಪಾಠ ಮಾಡುತ್ತಿದ್ದಾಳೆ. ನಾನು ಕಾಗದ ಬರೆದು ಹದಿನೆಂಟು ವರ್ಷವಾಯಿತು. ಕೊನೆಯದನ್ನು ಬರೆದದ್ದು ಅವಳಿಗೇ, ಮದುವೆಗೆ ಮುಂಚೆ. ಉತ್ತರ ಬರಲಿಲ್ಲ, ಅವಳೇ ಬಂದಳು. ಆಮೇಲೆ ಬರೆಯುವ ಅಗತ್ಯ ಬೀಳಲಿಲ್ಲ.

ನಿಮ್ಮ ಸ್ಪೋರ್ಟ್ಸ್ ಹಾಸ್ಟೆಲಿನವರು ಫೋನ್ ಕಿತ್ತಿಟ್ಟುಕೊಂಡದ್ದಕ್ಕೆ ನನಗೇನೂ ಬೇಸರವಿಲ್ಲ. ಭಾನುವಾರ ವಾರ್ಡನ್ ಕೋಣೆಯಿಂದ ಐದು ನಿಮಿಷ ಮಾತಾಡಿದೆಯಲ್ಲ, ಅದರಲ್ಲಿ ಮೂರು ನಿಮಿಷ ನಾನು "ಹೂಂ" ಎಂದೆ, ಎರಡು ನಿಮಿಷ ನೀನು "ಫೋನ್ ಇಡ್ಲಾ ಅಪ್ಪ?" ಎಂದೆ. ಕಾಗದದಲ್ಲಾದರೂ ನಾಲ್ಕು ಮಾತು ಆಡೋಣ.

ಅಂಗಡಿ ಹಾಗೇ ಇದೆ. ತರಕಾರಿ ಮಾರುವವಳ ತಕ್ಕಡಿ ಮೂರನೇ ಸಲ ರಿಪೇರಿಗೆ ಬಂದಿದೆ. ತಕ್ಕಡಿಯದೇನೂ ತಪ್ಪಿಲ್ಲ, ಅವಳ ಹೆಬ್ಬೆರಳಿನದು. ಆಸ್ಪತ್ರೆಯಿಂದ ಹಸುಗೂಸುಗಳನ್ನು ತೂಗುವ ಮೆಷಿನ್ ಬಂದಿದೆ. ಅಮ್ಮನಿಗೆ ಹೊಸ ರೂಟು ಕೊಟ್ಟಿದ್ದಾರೆ, ದಿನವಿಡೀ ಬಸ್ಸು ತುಂಬಿರುತ್ತದಂತೆ. ಕಂಡಕ್ಟರ್ ಚೀಲ ಹಾಕಿಕೊಂಡು ಸೀಟುಗಳ ಮಧ್ಯೆ ತೂರಲು ಆಗುತ್ತಿಲ್ಲ ಎಂದು ಮತ್ತೆ ಸಂಜೆಯ ಊಟ ಬಿಟ್ಟಿದ್ದಾಳೆ. ಇದು ಈ ವರ್ಷದ ಮೂರನೇ ವ್ರತಭಂಗದ ತಯಾರಿ. ಗುರುವಾರದವರೆಗೆ ನಡೆಯಬಹುದು.

ಅಕ್ಟೋಬರ್ ರಜೆಗೆ ನೀನು ಬರುವಾಗಲೇ ನಿನ್ನ ಹುಟ್ಟುಹಬ್ಬವೂ ಬೀಳುತ್ತದೆ. ನಮ್ಮ ಪದ್ಧತಿ ತಪ್ಪಿಸುವ ಹಾಗಿಲ್ಲ, ದೊಡ್ಡ ಮೆಷಿನ್ ಒರೆಸಿ ಇಟ್ಟಿರುತ್ತೇನೆ. ಕಳೆದ ವರ್ಷ ಗಿರಾಕಿಗಳ ಮುಂದೆ ನಿನ್ನ ತೂಕ ಕೂಗಿ ಹೇಳಿದೆ ಎಂದು ಮುಖ ಊದಿಸಿಕೊಂಡಿದ್ದೆಯಲ್ಲ, ಈ ಸಲ ಮೆಲ್ಲಗೆ ಕೂಗುತ್ತೇನೆ. ಹೊಟ್ಟೆ ತುಂಬ ಊಟ ಮಾಡು. ಆದರೆ ಜಿಮ್ನಾಸ್ಟಿಕ್ಸ್ ಎಂದು ಹಾರುವಾಗ ಅವರ ಹಲಗೆ ಮುರಿದು ಬಿಲ್ಲು ನನಗೆ ಕಳಿಸಬೇಡ.

ನಿನ್ನ ಅಪ್ಪ


ಜುಲೈ 9

ಅಪ್ಪಾ,

ನಿನ್ನ ಕಾಗದವನ್ನು ಗುಬ್ಬಿಗೂ ಓದಿ ಹೇಳಿದೆ, ಮೊದಲ ಸಾಲು ಬಿಟ್ಟು. ಗುಬ್ಬಿ ನನ್ನ ಪಕ್ಕದ ಮಂಚದವಳು. ಹನ್ನೆರಡು ವರ್ಷ. ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಜಾಸ್ತಿ ತಿನ್ನುವವಳು. ತನ್ನ ಮೊಟ್ಟೆ ಮುಗಿಸಿ ನನ್ನ ತಟ್ಟೆ ನೋಡುತ್ತಾ "ಅಕ್ಕಾ, ಅದು ನಿಮಗೆ ಬೇಕಾ?" ಎಂದು ಕೇಳುತ್ತಾಳೆ. ತರಕಾರಿಯವಳ ಹೆಬ್ಬೆರಳಿನ ವಿಷಯಕ್ಕೆ ಬಿದ್ದು ಬಿದ್ದು ನಕ್ಕಳು.

ಇಲ್ಲಿ ಶನಿವಾರ ಬೆಳಿಗ್ಗೆ ತೂಕ. ಪ್ರಾಕ್ಟೀಸ್ ಬಟ್ಟೆಯಲ್ಲೇ ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬರೇ ಮೆಷಿನ್ ಹತ್ತಬೇಕು, ಕೋಚ್ ಮೇಡಂ ಗಟ್ಟಿಯಾಗಿ ಓದುತ್ತಾರೆ, ಸೀನಿಯರ್ ಒಬ್ಬಳು ಗೋಡೆಯ ಚಾರ್ಟಿನಲ್ಲಿ ಬರೆಯುತ್ತಾಳೆ. ಮೇಡಂ ಹೇಳಿದ ಅಂಕಿಗಿಂತ ಕಡಿಮೆಯಿದ್ದವರದು ನೀಲಿ, ಜಾಸ್ತಿಯಿದ್ದವರದು ಕೆಂಪು. ಊಟದ ಹಾಲಿಗೆ ಹೋಗಲು ಆ ಗೋಡೆ ದಾಟಿಯೇ ಹೋಗಬೇಕು. ನನ್ನ ಹೆಸರು ನಾಲ್ಕು ವಾರದಿಂದ ಕೆಂಪಿನಲ್ಲಿದೆ. ಮೇಡಂ ಬೈಯುವುದಿಲ್ಲ. "ಹಾರೋದು ಚೆನ್ನಾಗಿದೆ, ಇಳಿಯೋವಾಗ್ಲೇ ಸದ್ದು ಜಾಸ್ತಿ" ಎನ್ನುತ್ತಾರೆ, ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ಆ ಮೆಷಿನ್ ಎರಡು ಕಿಲೋ ಜಾಸ್ತಿ ತೋರಿಸುತ್ತದೆ ಎಂದು ನನ್ನ ಅನುಮಾನ. ಹಳೆಯದು, ಮುಳ್ಳು ಇರುವಂಥದ್ದು, ಹಿಂಬದಿಯಲ್ಲಿ ರಬ್ಬರ್ ಮುಚ್ಚಳ ಇದೆ. ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಹೇಗೆ? ಬೇಗ ಬರೆ.

ನಿನ್ನ ಮಗಳು


ಜುಲೈ 15

ನನ್ನ ಗುಂಡಮ್ಮನಿಗೆ,

ನಿನ್ನ ಕಾಗದ ಓದಿ ನನ್ನ ಎದೆ ಉಬ್ಬಿತು. ಇಷ್ಟು ವರ್ಷದಲ್ಲಿ ನೀನು ನನ್ನ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿದ್ದು ಇದೇ ಮೊದಲು. ತಕ್ಷಣ ಉತ್ತರ ಬರೆಯಲು ಕೂತೆ, ಎದುರಿಗಿದ್ದ ಗಿರಾಕಿ ಕಾದೂ ಕಾದೂ ಹೊರಟೇಹೋದ.

ಮೊದಲು ಖಾಲಿ ಮೆಷಿನ್ ನೋಡು. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ, ಖಾಲಿ ಮೆಷಿನ್ ಕಡೆ ಕಣ್ಣು ಹಾಯಿಸುವವರು ಒಬ್ಬರೂ ಇಲ್ಲ. ಎಲ್ಲರೂ ಹತ್ತಿ ನಿಂತ ಮೇಲೆಯೇ ಬಗ್ಗಿ ನೋಡುವುದು. ಮುಳ್ಳು ಸೊನ್ನೆಯ ಮೇಲೆ ನಿಂತಿದೆಯಾ? ಇಲ್ಲದಿದ್ದರೆ ರಬ್ಬರ್ ಮುಚ್ಚಳ ತೆಗೆ, ಒಳಗೆ ಹೆಬ್ಬೆರಳಿಗೆ ಸಿಗುವ ಚಿಕ್ಕ ಚಕ್ರ ಇರುತ್ತದೆ. ತಿರುಗಿಸಿ ಸೊನ್ನೆಗೆ ತಂದು ನಿಲ್ಲಿಸು. ಆಮೇಲೆ ಒಂದು ಖಾಲಿ ಬಕೆಟ್ ಇಟ್ಟು ಎಷ್ಟೆಂದು ನೋಡಿಕೋ, ಅದಕ್ಕೆ ಹತ್ತು ಲೀಟರ್ ನೀರು ಅಳೆದು ಸುರಿ. ಸರಿಯಾಗಿ ಹತ್ತು ಕಿಲೋ ಏರಬೇಕು. ನೀರು ಯಾರ ಮುಲಾಜಿಗೂ ಬೀಳುವುದಿಲ್ಲ. ಎರಡೂ ಸರಿಬಂದರೆ ಮೆಷಿನ್ ನಿಯತ್ತಿನದು. ಸುಳ್ಳು ಹೇಳುತ್ತಿದ್ದರೆ ಕಿವಿ ಹಿಂಡು, ನಿಮ್ಮ ಮೇಡಂಗೆ ನನ್ನ ಅಂಗಡಿಯ ವಿಳಾಸ ಕೊಡು.

ತಪ್ಪು ಮೆಷಿನ್ನಿನದೇ ಇರಬೇಕು. ನನ್ನ ಮಗಳು ಕೆಂಪಿನಲ್ಲಿರುವವಳಲ್ಲ.

ಅಮ್ಮನ ವ್ರತ ಬುಧವಾರವೇ ಮುಗಿಯಿತು.

ನಿನ್ನ ಅಪ್ಪ


ಆಗಸ್ಟ್ 1

ಅಪ್ಪಾ,

ನೀನು ಹೇಳಿದ ಹಾಗೆಯೇ ಪರೀಕ್ಷೆ ಮಾಡಿದೆ. ಈಗ ಎಲ್ಲ ಸರಿಹೋಗಿದೆ. ನಾಳೆ ಶನಿವಾರ ನನ್ನ ಹೆಸರು ನೀಲಿಗೆ ಬರಬಹುದು.

ಪ್ರಾಕ್ಟೀಸ್ ಜಾಸ್ತಿ ಇದೆ, ಹೆಚ್ಚು ಬರೆಯಲು ಆಗುವುದಿಲ್ಲ.

ನಿನ್ನ ಮಗಳು


ಅಕ್ಟೋಬರ್ 22

ನನ್ನ ಗುಂಡಮ್ಮನಿಗೆ,

ನೀನು ಹೋಗಿ ಮೂರು ದಿನವಾಯಿತು, ಮನೆ ಬಿಕೋ ಎನ್ನುತ್ತಿದೆ. ಆಗಸ್ಟಿನಿಂದ ನೀನು ಬರೆದದ್ದು ಮೂರೇ ಚೀಟಿ, ಅದರಲ್ಲೂ ಒಂದರಲ್ಲಿ ಸಾಕ್ಸ್ ಕಳಿಸು ಎಂದು ಮಾತ್ರ ಇತ್ತು. ಆದರೂ ರಜೆಯ ಹತ್ತು ದಿನ ಮನೆಯಲ್ಲಿದ್ದೆಯಲ್ಲ, ಅಷ್ಟೇ ಸಮಾಧಾನ.

ಹುಟ್ಟುಹಬ್ಬದ ದಿನ ಅಂಗಡಿಯಲ್ಲಿ ನಡೆದದ್ದಕ್ಕೆ ಪೂರಾ ನಾನೇ ಕಾರಣ ಎಂದು ಅಮ್ಮ ಹೇಳುತ್ತಾಳೆ. ನೀನು ಬೇಡವೆಂದೆ, ನಾನು ತಮಾಷೆಯೆಂದುಕೊಂಡು ಕೈ ಹಿಡಿದು ಮೆಷಿನ್ ಹತ್ತಿರ ಎಳೆದೆ. "ನಾನೇನು ಮೂಟೆನಾ ಅಪ್ಪಾ?" ಎಂದು ನೀನು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಪಾಪ, ಗುಜರಿಯವನು ತನ್ನ ಹಳೇ ಕಬ್ಬಿಣವನ್ನೆಲ್ಲ ಅಲ್ಲೇ ಬಿಟ್ಟು ಹೊರಗೆ ಹೋಗಿ ನಿಂತ. ತಪ್ಪಾಯಿತು ಮಗಳೇ. ಹೊಟ್ಟೆಗೆ ಹಾಕಿಕೋ.

ಇನ್ನೊಂದು ಮಾತು. ಬಸ್ಸು ಹೊರಡುತ್ತಿತ್ತಲ್ಲ, ನಿನ್ನ ಸೊಂಟಕ್ಕೆ ಕೈಕೊಟ್ಟು ಮೆಟ್ಟಿಲ ಮೇಲೆ ಎತ್ತಿ ನಿಲ್ಲಿಸಿದೆ. ನನ್ನ ಕೈ ನಿನಗೆ ಗೊತ್ತು. ಮೂಟೆ ಎತ್ತಿ ತೂಕ ಹೇಳಿದರೆ ಅರ್ಧ ಕಿಲೋ ಆಚೀಚೆ ಆಗುವುದಿಲ್ಲ. ಆ ಸ್ವೆಟರಿನ ಒಳಗೆ ನನ್ನ ಕೈಗೆ ಸಿಕ್ಕಿದ್ದು ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಬಸ್ಸು ತಿರುವು ದಾಟಿದ ಮೇಲೂ ಕೈ ಹಾಗೇ ಹಿಡಿದುಕೊಂಡು ನಿಂತಿದ್ದೆ. ನಿಮ್ಮ ಚಾರ್ಟಿನಲ್ಲಿ ಈಗ ಎಷ್ಟಿದೆ? ಅಷ್ಟು ಮಾತ್ರ ಬರೆ.

ನಿನ್ನ ಅಪ್ಪ


ಅಕ್ಟೋಬರ್ 30

ಅಪ್ಪಾ,

ಚಾರ್ಟಿನಲ್ಲಿ ಏನೂ ಕಡಿಮೆಯಿಲ್ಲ. ರಜೆಯಿಂದ ಬಂದ ಮೇಲೆ ಎಲ್ಲರದೂ ಮೂರು ಮೂರು ಕಿಲೋ ಏರಿದೆ, ಮನೆಗೆ ಹೋಗಿ ತಿಂದು ಬಂದಿದ್ದೀರಿ ಎಂದು ಕೋಚ್ ಮೇಡಂ ಬೆಂಕಿಯಾಗಿದ್ದಾರೆ. ಹಾಸ್ಟೆಲಿಗೆ ಡಾಕ್ಟರ್ ಬಂದಿದ್ದರು. ತೂಕ ತೀರಾ ಇಳಿದವರನ್ನು ಮನೆಗೆ ಕಳಿಸುತ್ತಾರೆ. ನನ್ನ ಅಂಕಿ ನೋಡಿ ಪರವಾಗಿಲ್ಲ ಎಂದರು. ನಿನ್ನ ಕೈಗೆ ವಯಸ್ಸಾಗಿದೆ ಅಷ್ಟೇ.

ಕಾಗದದ ಮೇಲೆ ಆ ಹೆಸರು ಬರೆಯಬೇಡ. ಚಿಕ್ಕವಳಿದ್ದಾಗಿಂದ ಬೀದಿಯವರೆಲ್ಲ ಅದೇ ಕರೆದರು, ಶಾಲೆಯಲ್ಲೂ ಅದೇ ಆಯಿತು. ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ನಿನ್ನ ಮಗಳು


ನವೆಂಬರ್ 6

ಮಗಳೇ,

ಹೇಗೆ ಶುರುಮಾಡಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ. ಆ ಹೆಸರು ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ. ಅಭ್ಯಾಸಬಲದಿಂದ ಬಂದರೆ ಅಮ್ಮನಿಗೆ ಚಿವುಟಲು ಹೇಳಿದ್ದೇನೆ, ಈಗಾಗಲೇ ಎರಡು ಸಲ ಚಿವುಟಿದ್ದಾಳೆ.

ಆದರೆ ಅದು ಹುಟ್ಟಿದ್ದು ಹೇಗೆಂದು ನಿನಗೆ ಹೇಳಿಲ್ಲ. ನೀನು ತಿಂಗಳು ತುಂಬುವ ಮುಂಚೆಯೇ ಬಂದವಳು. ನರ್ಸ್ ನಿನ್ನನ್ನು ತಕ್ಕಡಿಯಲ್ಲಿ ಮಲಗಿಸಿದರು. ಮುಳ್ಳು ಅಲ್ಲಾಡಿತೋ ಇಲ್ಲವೋ ಅನ್ನುವಷ್ಟೇ ಏರಿತು. ನಾನು ಮೆಷಿನ್ ಕೆಟ್ಟಿದೆ ಎಂದೆ. ಜೇಬಿನಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು ಬಿಚ್ಚಲು ಹೋದೆ. ನರ್ಸ್ ನನ್ನ ಕೈ ಹಿಡಿದುಕೊಂಡು, "ಮೆಷಿನ್ ಸರಿಯಾಗೇ ಇದೆ, ಮಗೂನೇ ಇಷ್ಟು" ಎಂದರು. ನಾಲ್ಕು ವಾರ ನಿನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಹೊರಗೆ ನಿಂತು ನಾನು ಗುಂಡಮ್ಮಾ ಗುಂಡಮ್ಮಾ ಎಂದು ಕರೆಯುತ್ತಿದ್ದೆ. ಗುಂಡಗಿದ್ದೀಯ ಎಂದು ಇಟ್ಟ ಹೆಸರಲ್ಲ ಅದು, ಗುಂಡಗಾಗಲಿ ಎಂದು ಬೇಡಿಕೊಂಡದ್ದು. ಪ್ರತಿ ಹುಟ್ಟುಹಬ್ಬಕ್ಕೆ ತೂಗಿ ಕೂಗಿದ್ದೂ ಅದೇ ಖುಷಿಗೆ. ನನ್ನ ಖುಷಿ ನಿನಗೆ ಹೇಗೆ ಕೇಳಿಸುತ್ತದೆಂದು ಯೋಚಿಸಲಿಲ್ಲ.

ಡಾಕ್ಟರೇ ನೋಡಿ ಪರವಾಗಿಲ್ಲ ಎಂದ ಮೇಲೆ ನನ್ನದೇನು ಮಾತು. ಮೆಷಿನ್ ಮುಂದೆ ಕೈ ದೊಡ್ಡದಲ್ಲ ಎಂದು ಗಿರಾಕಿಗಳಿಗೆ ಹೇಳುತ್ತಾ ಬಂದವನು ನಾನೇ. ಆದರೂ ಯಾಕೋ ಕೈ ಒಪ್ಪುತ್ತಿಲ್ಲ.

ನಿನ್ನ ಅಪ್ಪ

ಇದು ಅಮ್ಮ. ಹಿಂದುಗಡೆ ಜಾಗ ಉಳಿದಿತ್ತು. ಕನ್ನಡಿ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಂಡು "ಥೂ, ಹೇಗಾಗಿದ್ದೀನಿ" ಎಂದು ನಾನು ದಿನಾ ಹೇಳುತ್ತಿದ್ದೆನಲ್ಲ, ರಜೆಯಲ್ಲಿ ನೀನು ಅದೇ ಕನ್ನಡಿ ಮುಂದೆ ಹಾಗೇ ನಿಂತಿದ್ದೆ. ಬಾಗಿಲಲ್ಲಿ ನಿಂತು ನೋಡಿದೆ. ಏನೋ ಕೇಳಬೇಕೆಂದುಕೊಂಡೆ, ಡ್ಯೂಟಿಗೆ ಹೊತ್ತಾಗಿತ್ತು. ಈಗ ಕೇಳುತ್ತಿದ್ದೇನೆ. ಚೆನ್ನಾಗಿದ್ದೀಯಾ ಕಂದ?


ನವೆಂಬರ್ 27

ಅಪ್ಪಾ, ಅಮ್ಮಾ,

ಇದನ್ನು ಇಬ್ಬರೂ ಕೂತು ಓದಿ. ಮಧ್ಯದಲ್ಲಿ ನಿಲ್ಲಿಸಬೇಡಿ.

ಸೋಮವಾರ ಪ್ರಾಕ್ಟೀಸಿನಲ್ಲಿ ಗುಬ್ಬಿ ಬಿದ್ದಳು. ಬ್ಯಾಲೆನ್ಸ್ ದಿಮ್ಮಿಯ ಮೇಲೆ ನಡೆಯುತ್ತಿದ್ದಳು, ಕಣ್ಣು ಕತ್ತಲಿಟ್ಟು ಪಕ್ಕಕ್ಕೆ ಉರುಳಿದಳು. ಮಣಿಕಟ್ಟು ಮುರಿದಿದೆ. ಸಿಕ್ ರೂಮಿನಲ್ಲಿ ಅವಳ ಪಕ್ಕ ಕೂತಿದ್ದೆ. "ಏನೂ ತಿಂದಿಲ್ವೇನೇ?" ಎಂದು ಕೇಳಿದೆ. "ಅಕ್ಕಾ, ಮೂರು ಕಿಲೋ ಇಳೀತಾನೇ ಇಲ್ಲ, ಎಷ್ಟು ಬಿಟ್ರೂ ಕೆಂಪಲ್ಲೇ ಇದೀನಿ" ಎಂದಳು.

ಆ ಮೂರು ಕಿಲೋ ಅವಳದಲ್ಲ. ಯಾರದೂ ಅಲ್ಲ. ನಾನು ಚಕ್ರ ತಿರುಗಿಸಿದ್ದು.

ಮೊದಲಿನಿಂದ ಹೇಳುತ್ತೇನೆ. ಜುಲೈನಲ್ಲಿ ನೀನು ಹೇಳಿದ ಹಾಗೆ ಪರೀಕ್ಷೆ ಮಾಡಿದಾಗ ಮುಳ್ಳು ಸೊನ್ನೆಯ ಮೇಲೇ ಇತ್ತು. ಹತ್ತು ಲೀಟರ್ ನೀರಿಗೆ ಹತ್ತೇ ಏರಿತು. ಮೆಷಿನ್ ನಿಯತ್ತಿನದೇ ಆಗಿತ್ತು, ಅಂದರೆ ತಪ್ಪು ನನ್ನದು ಎಂದುಕೊಂಡೆ. ಊಟ ಕಡಿಮೆ ಮಾಡಿದೆ. ಎರಡು ವಾರಕ್ಕೆ ಹೆಸರು ನೀಲಿಗೆ ಬಂತು, ಮೇಡಂ ಎಲ್ಲರ ಮುಂದೆ ಬೆನ್ನು ತಟ್ಟಿದರು. ಅವತ್ತಿನಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲು ನೋಡಿದೆ ಅಪ್ಪಾ, ಆಗಲಿಲ್ಲ. ತಟ್ಟೆ ಮುಂದೆ ಕೂತರೆ ಹೆದರಿಕೆಯಾಗುತ್ತದೆ. ಊಟಕ್ಕೆ ಯಾರಾದರೂ ಹೆದರುತ್ತಾರಾ ಎಂದು ನಗಬೇಡ.

ರಜೆ ಮುಗಿಸಿ ಬಂದಾಗ ಡಾಕ್ಟರ್ ಬರುತ್ತಾರೆಂದು ತಿಳಿಯಿತು. ನನ್ನ ನಿಜವಾದ ಅಂಕಿ ನೋಡಿದರೆ ಮನೆಗೆ ಕಳಿಸುತ್ತಿದ್ದರು. ಮೆಷಿನ್ ಕೋಣೆಗೆ ಹೋಗಿ ಚಕ್ರ ತಿರುಗಿಸಿ ಮೂರರ ಮೇಲೆ ನಿಲ್ಲಿಸಿದೆ. ನೀನು ಹೇಳಿದ್ದು ನಿಜ, ಖಾಲಿ ಮೆಷಿನ್ ಯಾರೂ ನೋಡಲಿಲ್ಲ. ಆಮೇಲೆ ಕೋಣೆಗೆ ಬೀಗ ಹಾಕಿದರು, ವಾಪಸ್ ತಿರುಗಿಸಲು ಆಗಲಿಲ್ಲ. ಬೀಗದ ಕೈ ಸಿಕ್ಕಿದ್ದರೂ ತಿರುಗಿಸುತ್ತಿದ್ದೆನೋ ಇಲ್ಲವೋ. ಉಳಿದವರ ಬಗ್ಗೆ ನಾನು ಯೋಚಿಸಲೇ ಇಲ್ಲ. ಗುಬ್ಬಿಯ ಹೆಸರು ಮೊದಲ ಸಲ ಕೆಂಪಿಗೆ ಬಂದ ದಿನ ಅವಳು ನಕ್ಕಿದ್ದಳು. ಮಾರನೇ ವಾರದಿಂದ ನನ್ನ ಮೊಟ್ಟೆ ಕೇಳುವುದನ್ನು ಬಿಟ್ಟಳು. ನಾನು ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ.

ಅಮ್ಮಾ, ನಾನು ಚೆನ್ನಾಗಿಲ್ಲ. ಯಾವಾಗಲೂ ಚಳಿ. ತಲೆ ಬಾಚಿದರೆ ಕೈತುಂಬ ಕೂದಲು ಬರುತ್ತದೆ. ಇನ್ನೊಂದು ವಿಷಯ ಇದೆ, ಬಂದಾಗ ನಿನಗೊಬ್ಬಳಿಗೇ ಹೇಳುತ್ತೇನೆ. ಬರುತ್ತೀಯಾ?

ನಿಮ್ಮ ಮಗಳು


ನವೆಂಬರ್ 30

ಮಗಳೇ,

ಇದನ್ನು ಅಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಕಾಗದ ಬಂದ ಗಳಿಗೆಯಲ್ಲೇ ವಾರ್ಡನ್ನಿಗೆ ಫೋನ್ ಮಾಡಿದೆ: ಇಬ್ಬರನ್ನೂ ಡಾಕ್ಟರಿಗೆ ತೋರಿಸಿ, ಆ ಮೆಷಿನ್ ನಂಬಬೇಡಿ ಎಂದೆ. ಅಮ್ಮ ಯೂನಿಫಾರ್ಮಿನಲ್ಲೇ ಹೊರಟು ನಿಂತಿದ್ದಾಳೆ, ರಜೆಯ ಅರ್ಜಿಯನ್ನು ನಾನು ಕೊಡಬೇಕಂತೆ. ನಾನೂ ಬರುತ್ತೇನೆಂದೆ. "ನೀನು ಬಂದ್ರೆ ಮೊದಲು ಮಗಳ ಹತ್ರ ಹೋಗಲ್ಲ, ಮೆಷಿನ್ ಹತ್ರ ಹೋಗ್ತೀಯ" ಎಂದಳು. ಅವಳು ಹೇಳಿದ್ದು ನಿಜ.

ಎಲ್ಲರದೂ ಮೂರು ಮೂರು ಕಿಲೋ ಏರಿದೆ ಎಂದು ನೀನು ಬರೆದಾಗಲೇ ನನಗೆ ಗೊತ್ತಾಗಬೇಕಿತ್ತು. ಇಪ್ಪತ್ತು ಹುಡುಗಿಯರು ಹತ್ತು ದಿನದಲ್ಲಿ ಒಂದೇ ಅಳತೆಗೆ ಏರುವುದುಂಟಾ? ಅಂಗಡಿಗೆ ಬಂದು ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಚಹಾ ಲೋಟ ಕೆಳಗಿಡುವ ಮುಂಚೆಯೇ ಚಕ್ರ ತಿರುಗಿದೆ ಎನ್ನುತ್ತಿದ್ದೆ. ಮಗಳು ಬರೆದಾಗ ತಲೆ ಓಡಲಿಲ್ಲ, ಅಥವಾ ಓಡಿಸಲು ಧೈರ್ಯವಾಗಲಿಲ್ಲ. ಕೋಚ್ ಮೇಡಂಗೆ ಬೇರೆ ಕಾಗದ ಬರೆದಿದ್ದೇನೆ, ಚಕ್ರದ ವಿದ್ಯೆ ಹೇಳಿಕೊಟ್ಟವನು ನಾನೇ ಎಂದು ಅದರಲ್ಲಿದೆ. ಮಗಳು ಕೆಂಪು ಶಾಯಿಯ ಸಂಕಟ ಬರೆದು ಕಳಿಸಿದರೆ ನಾನು ಅವಳಿಗೆ ಚಕ್ರ ತೋರಿಸಿದೆ.

ಗುಬ್ಬಿಗೆ ನೀನೇ ಹೇಳಬೇಕು, ಬೇರೆಯವರ ಬಾಯಿಂದ ಅವಳಿಗೆ ಗೊತ್ತಾಗುವ ಮುಂಚೆ. ಅಮ್ಮ ಬಾಗಿಲ ಹೊರಗೆ ಕೂತಿರುತ್ತಾಳೆ. ಗುಬ್ಬಿ ಏನಂದರೂ ಕೇಳಿಸಿಕೋ. ಆಮೇಲೆ ಅಮ್ಮನ ಜೊತೆ ಹೊರಡು. ಆಟ ಹೋದರೆ ಹೋಗಲಿ. ನನಗೆ ನೀನು ಬೇಕು.

ನಾನು ನಗುತ್ತೇನೆಂದುಕೊಂಡೆಯಲ್ಲ, ಊಟಕ್ಕೆ ಹೆದರುವುದಕ್ಕೆ. ನಾನು ನಗಲಿಲ್ಲ. ಅಂಗಡಿ ಬಾಗಿಲು ಹಾಕಿ ತುಂಬ ಹೊತ್ತು ಅತ್ತೆ.

ನಿನ್ನ ಅಪ್ಪ


ಡಿಸೆಂಬರ್ 19

ಅಪ್ಪಾ,

ಅಮ್ಮ ಸೇರಿಸಿದ ಈ ಆಸ್ಪತ್ರೆಯಲ್ಲಿ ಫೋನ್ ಕೊಡುತ್ತಾರೆ. ಆದರೆ ಫೋನಿನಲ್ಲಿ ನೀನು ಮತ್ತೆ "ಹೂಂ"ಗೆ ಇಳಿದಿದ್ದೀಯ, ಅದಕ್ಕೇ ಕಾಗದ.

ಗುಬ್ಬಿಗೆ ಹೇಳಿದೆ. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿದಳು. "ಹಾಗಾದ್ರೆ ನಾನು ದಪ್ಪ ಆಗಿರ್ಲಿಲ್ವಾ?" ಎಂದಳು. ಇಲ್ಲ ಎಂದೆ. "ಒಂದು ದಿನಾನೂ?" ಎಂದಳು. ಒಂದು ದಿನಾನೂ ಇಲ್ಲ ಎಂದೆ. ಗೋಡೆ ಕಡೆ ತಿರುಗಿ ಮಲಗಿದಳು. ನಾನು ಹೊರಡುವವರೆಗೂ ತಿರುಗಲಿಲ್ಲ, ಅಕ್ಕಾ ಎಂದು ಕರೆಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಮ್ಮ ನಿನಗೆ ಹೇಳಿರುವುದಿಲ್ಲ, ನಾನು ಹೇಳುತ್ತೇನೆ. ಕೋಚ್ ಮೇಡಂ ನನ್ನ ಮೇಲೆ ರೇಗಲು ಶುರುಮಾಡಿದ್ದರು. ಅಮ್ಮ ಚಾರ್ಟಿನ ಮುಂದೆ ನಿಂತುಕೊಂಡು, ಬಸ್ಸಿನಲ್ಲಿ ಕೊನೆಯ ಸೀಟಿನವರೆಗೂ ಕೇಳಿಸುವ ಆ ದನಿಯಲ್ಲಿ, "ಮೇಡಂ, ನನ್ನ ಮಗಳು ತಪ್ಪು ಮಾಡಿದಾಳೆ, ಒಪ್ಪಿದೀನಿ. ಬೆಳೆಯೋ ಮಕ್ಕಳ ತೂಕ ಬೀದೀಲಿ ಕೂಗೋದು ಯಾವ ಆಟ?" ಎಂದಳು. ಮೇಡಂ ಚಾರ್ಟಿನ ಕಡೆ ನೋಡಿದರು. "ನನ್ನನ್ನೂ ಹಾಗೇ ತೂಗ್ತಿದ್ರು" ಎಂದರು. ಅವರ ದನಿ ಅಷ್ಟು ಚಿಕ್ಕದಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನಾವು ಗೇಟು ದಾಟುವಾಗ ವಾರ್ಡನ್ ಚಾರ್ಟನ್ನು ಗೋಡೆಯಿಂದ ಬಿಡಿಸುತ್ತಿದ್ದರು.

ಇಲ್ಲಿಯೂ ತೂಗುತ್ತಾರೆ. ಆದರೆ ಮುಳ್ಳಿಗೆ ಬೆನ್ನು ಮಾಡಿ ನಿಲ್ಲಬೇಕು, ಅಂಕಿ ನರ್ಸ್ ಮಾತ್ರ ನೋಡುತ್ತಾರೆ, ಹೇಳುವುದಿಲ್ಲ. ಅವರ ಮುಖ ನೋಡಿ ಊಹಿಸಲು ಪ್ರಯತ್ನ ಮಾಡುತ್ತೇನೆ. ಅವರ ಮುಖ ಗೋಡೆ. ದಿನಕ್ಕೆ ಆರು ಸಲ ತಿನ್ನಬೇಕು. ನಾಲ್ಕು ಸಲ ಅಳುತ್ತೇನೆ.

ನಿನ್ನ ಮಗಳು


ಜನವರಿ 9

ಮಗಳೇ,

ನಿನ್ನೆ ನಿಮ್ಮ ಡಾಕ್ಟರಮ್ಮ ನಮ್ಮಿಬ್ಬರನ್ನೇ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರಲ್ಲ, ಆಗ ಏನಾಯಿತೆಂದು ನೀನು ಕೇಳಿದ್ದೆ. ಬಸ್ಸಿಗೆ ಹೊತ್ತಾಗಿತ್ತು, ಈಗ ಬರೆಯುತ್ತೇನೆ.

ನಾನು ಹೋಗಿದ್ದೇ ಒಂದು ಪ್ರಶ್ನೆ ಇಟ್ಟುಕೊಂಡು. ಇದು ಯಾವುದರಿಂದ ಆಯಿತು? ಮೆಷಿನ್ ಆದರೆ ಬಿಚ್ಚಿ ನೋಡಿದಾಗ ಕೆಟ್ಟ ಭಾಗ ಸಿಗುತ್ತದೆ. ಸ್ಪ್ರಿಂಗೋ, ಹಲ್ಲೋ, ತುಕ್ಕೋ, ಬದಲಾಯಿಸಿದರೆ ಮುಗಿಯಿತು. ಅವರು ಉತ್ತರ ಹೇಳುವ ಬದಲು ನಮ್ಮನ್ನೇ ಕೇಳುತ್ತಾ ಹೋದರು. ಚಿಕ್ಕಂದಿನಲ್ಲಿ ಒಂದಕ್ಷರ ಸೊಟ್ಟಗಾದರೆ ಪೂರ್ತಿ ಪುಟ ಹರಿದು ಮತ್ತೆ ಬರೆಯುತ್ತಿದ್ದಳಾ? ಹೌದೆಂದೆವು. ನಮಗೆ ಅದು ಹೆಮ್ಮೆಯ ವಿಷಯವಾಗಿತ್ತು. ಮೈಕಟ್ಟಿನ ಬಗ್ಗೆ ಯಾರಾದರೂ ತಮಾಷೆ ಮಾಡುತ್ತಿದ್ದರಾ? ನಾನು ನನ್ನ ಚಪ್ಪಲಿ ನೋಡಿಕೊಂಡೆ. ಮನೆಯಲ್ಲಿ ಯಾರಾದರೂ ತೂಕ ಇಳಿಸಲು ಊಟ ಬಿಡುತ್ತಿದ್ದರಾ? ಅಮ್ಮ ಅವಳ ಚಪ್ಪಲಿ ನೋಡಿಕೊಂಡಳು. ಮೈಗೆ ಅಂಕಿ ಕಟ್ಟುವ ಆಟಕ್ಕೆ ಯಾವಾಗ ಸೇರಿದಳು, ಮನೆ ಬಿಟ್ಟು ಹೊರಗಿದ್ದದ್ದು ಇದೇ ಮೊದಲಾ, ಬೇಜಾರಾದರೆ ಬಾಯಿಬಿಟ್ಟು ಹೇಳುವ ಹುಡುಗಿಯಾ, ನುಂಗಿಕೊಳ್ಳುವವಳಾ?

ಎಲ್ಲ ಮುಗಿದ ಮೇಲೆ ನಾನು, "ಹಾಗಾದ್ರೆ ತಪ್ಪೆಲ್ಲಾ ನಮ್ದೇ ಡಾಕ್ಟ್ರೇ" ಎಂದೆ. ಅವರು ಇಲ್ಲವೆಂದರು. ಇವುಗಳಲ್ಲಿ ಒಂದೊಂದೇ ಆಗಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ, ಇಂಥದ್ದೇ ಮನೆಗಳಲ್ಲಿ ಎಷ್ಟೋ ಮಕ್ಕಳು ಆರಾಮಾಗಿ ಬೆಳೆಯುತ್ತಾರೆ, ಹುಟ್ಟಿನಿಂದ ಬಂದ ಸ್ವಭಾವವೂ ಸೇರುತ್ತದೆ, ಹಲವು ಒಟ್ಟಾಗಿ ಬಂದವು ಎಂದರು. ಈಗ ತಪ್ಪು ಹಂಚಿಕೊಂಡು ಕೂರುವುದಕ್ಕಿಂತ ನಿನ್ನ ಜೊತೆ ಕೂತು ಊಟ ಮಾಡುವುದು ಮುಖ್ಯವಂತೆ. ತಟ್ಟೆ ನೋಡಬಾರದಂತೆ, ತಿಂದದ್ದಕ್ಕೆ ಹೊಗಳಬಾರದಂತೆ, ಬೇರೆ ಮಾತಾಡಬೇಕಂತೆ. ದನದ ಸಂತೆಯ ತಕ್ಕಡಿಯಲ್ಲಿ ಕೋಣ ಸಿಕ್ಕಿಹಾಕಿಕೊಂಡ ಕಥೆ ಇದೆ, ನಲವತ್ತು ನಿಮಿಷ ಎಳೆಯಬಹುದು. ಸಾಕಲ್ಲ?

ಅಮ್ಮ ಈಗ ಸಂಜೆ ನನ್ನ ಜೊತೆ ಕೂತು ಉಣ್ಣುತ್ತಾಳೆ. ಕನ್ನಡಿ ಮುಂದೆ ಮೊನ್ನೆ ಏನೋ ಹೇಳಹೊರಟು ಬಾಯಿ ಮುಚ್ಚಿಕೊಂಡಳು. ಗುಬ್ಬಿಯ ತಾಯಿಗೂ ಫೋನ್ ಮಾಡಿದ್ದೆ. ಹುಡುಗಿ ಮನೆಯಲ್ಲೇ ಇದ್ದಾಳೆ, ಮೆಲ್ಲಮೆಲ್ಲಗೆ ತಿನ್ನುತ್ತಿದ್ದಾಳೆ, ಕೈ ಕೂಡಿಕೊಂಡಿದೆ. ನನ್ನ ಮೇಲೆ ಸ್ವಲ್ಪ ರೇಗಿದರು. ಕೇಳಿಸಿಕೊಂಡೆ.

ಬುಧವಾರ ಊಟದ ಹೊತ್ತಿಗೆ ಬರುತ್ತೇನೆ.

ನಿನ್ನ ಅಪ್ಪ


ಜನವರಿ 15

ಅಪ್ಪಾ,

ನೀನು ನಿನ್ನೆ ತಾನೇ ಹೋಗಿದ್ದೀಯ, ಆದರೂ ಬರೆಯುತ್ತಿದ್ದೇನೆ. ಎದುರಿಗೆ ಹೇಳಲಾಗಲಿಲ್ಲ.

ನೀನು ಬೇಗ ಬಂದುಬಿಟ್ಟೆ. ತೂಕದ ಹೊತ್ತು ಇನ್ನೂ ಮುಗಿದಿರಲಿಲ್ಲ. ಅಪ್ಪ ಇರಬಹುದಾ ಎಂದು ನರ್ಸ್ ಕೇಳಿದರು, ನಾನು ಹೂಂ ಎಂದೆ. ಯಾಕೆ ಹೂಂ ಎಂದೆನೆಂದು ನಿನಗೆ ಗೊತ್ತಾಗಿರಲಿಕ್ಕಿಲ್ಲ. ನರ್ಸಿನ ಮುಖದಲ್ಲಿ ನನಗೆ ಏನೂ ಓದಲಾಗುವುದಿಲ್ಲ. ನಿನ್ನ ಮುಖ ನನಗೆ ಬಾಯಿಪಾಠ. ನೀನು ಮುಳ್ಳು ನೋಡದೆ ಇರುವವನಲ್ಲ. ದಾರಿಯಲ್ಲಿ ಯಾರದೋ ಅಂಗಡಿಯ ತಕ್ಕಡಿ ಕಂಡರೂ ಬಗ್ಗಿ ನೋಡುತ್ತೀಯ. ಅಂಕಿ ಏರಿದೆಯೋ ಇಳಿದಿದೆಯೋ ನಿನ್ನ ಹುಬ್ಬಿನಲ್ಲೇ ತಿಳಿದುಕೊಂಡುಬಿಡುತ್ತೇನೆ, ಏರಿದ್ದರೆ ಮಧ್ಯಾಹ್ನ ತಿನ್ನುವುದಿಲ್ಲ ಎಂದು ಲೆಕ್ಕ ಹಾಕಿಕೊಂಡೇ ಮೆಷಿನ್ ಹತ್ತಿದ್ದೆ. ನಿನ್ನನ್ನು ಮತ್ತೆ ಮೋಸಕ್ಕೆ ಬಳಸಿಕೊಳ್ಳಲು ಹೊರಟಿದ್ದೆ ಅಪ್ಪಾ.

ನಾನು ಹತ್ತಿದೆ, ಬೆನ್ನು ಮಾಡಿ ನಿಂತೆ, ನಿನ್ನ ಮುಖ ನೋಡಿದೆ. ನೀನು ಕಣ್ಣು ಮುಚ್ಚಿಕೊಂಡಿದ್ದೆ. ಚಿಕ್ಕ ಮಕ್ಕಳು ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ, ಗಟ್ಟಿಯಾಗಿ, ಮೂಗೆಲ್ಲ ಸುಕ್ಕಾಗುವಂತೆ. ನಿನಗೆ ಯಾರೂ ಹಾಗೆ ಮಾಡಲು ಹೇಳಿರಲಿಲ್ಲ ಎಂದು ಆಮೇಲೆ ನರ್ಸನ್ನು ಕೇಳಿ ತಿಳಿದುಕೊಂಡೆ. ಇಳಿಯಬಹುದು ಎಂದು ಅವರು ಹೇಳಿದ ಮೇಲೂ ನೀನು ಕಣ್ಣು ತೆರೆದಿರಲಿಲ್ಲ. ನಾನೇ ಬಂದು ತೋಳು ಮುಟ್ಟಬೇಕಾಯಿತು.

ಗುಬ್ಬಿಗೆ ಮೂರು ಕಾಗದ ಹಾಕಿದ್ದೇನೆ. ಉತ್ತರ ಬಂದಿಲ್ಲ. ಬರದಿದ್ದರೂ ಬರೆಯುತ್ತೇನೆ. ಇನ್ನೂ ಎಷ್ಟು ವಾರ ಇಲ್ಲಿರಬೇಕೋ ಡಾಕ್ಟರ್ ಹೇಳುತ್ತಿಲ್ಲ. ಮತ್ತೆ ಹಾರುತ್ತೇನೋ ಇಲ್ಲವೋ ನನಗೂ ಗೊತ್ತಿಲ್ಲ.

ನೀನು ಕೋಣದ ಕಥೆ ಹೇಳುತ್ತಾ ಒಂದು ಸಲವೂ ನನ್ನ ತಟ್ಟೆ ನೋಡಲಿಲ್ಲ. ಅದಕ್ಕೇ ನಿನಗೆ ಗೊತ್ತಿಲ್ಲ, ನಾನು ಹೇಳಬೇಕು. ಪೂರ್ತಿ ಊಟ ಮಾಡಿದೆ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ, ಹೊಡೆದುಹಾಕಿದೆ, ಗೀಟಿನ ಕೆಳಗೆ ಕಾಣಿಸುತ್ತಿರಬಹುದು. ಪೂರ್ತಿ ಅಲ್ಲ ಅಪ್ಪಾ. ಅರ್ಧ. ನಿನ್ನೆ ನಾನು ಅರ್ಧ ಊಟ ಮಾಡಿದೆ.

ನಿನ್ನ ಮಗಳು